ದಿಲ್‌ಶಾದ್ ಉಳಿಸಿಕೊಟ್ಟ ಪಾಠಗಳು

ಮಗುವಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುವವರ ಹಾಗೆ ದಿಲ್‌ಶಾದ್ ನನ್ನ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದು ಇಂದಿಗೂ ನೆನಪಿದೆ.

ಆಗ ನಾನು ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಆ ವರ್ಷ ಬ್ರೈಲ್ ಪುಸ್ತಕಗಳು ಬಂದೇ ಇರಲಿಲ್ಲ. ಹಾಗಾಗಿ ನೂರ ನಲವತ್ತು ಪಾಠಗಳನ್ನು ನಾನೇ ಓದಿ ಧ್ವನಿಮುದ್ರಿಸಿದ್ದೆ. ಮಕ್ಕಳಿಗೆ ಹಂಚಬೇಕೆನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಕಟಕಟ ಸದ್ದು ಮಾಡಿ ನಿಂತಿತು. ಪರೀಕ್ಷೆಗೆ ಉಳಿದಿದ್ದದ್ದು ಹನ್ನೊಂದು ದಿನ. ಇಬ್ಬರು ರಿಪೇರಿಯವರು, "ಹೊಸ ಹಾರ್ಡ್ ಡಿಸ್ಕ್ ಹಾಕಬಹುದು, ಒಳಗಿದ್ದದ್ದು ಹೋಯ್ತು" ಎಂದುಬಿಟ್ಟರು. ಮೂರನೆಯ ಅಂಗಡಿ ದಿಲ್‌ಶಾದಳದು.

"ಪಾಠಗಳು ಸಿಗುತ್ತವಾ?" ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಇದೆಂಥ ಸೊಕ್ಕು ಎಂದುಕೊಂಡು ಲ್ಯಾಪ್‌ಟಾಪಿಗೆ ಕೈ ಹಾಕಿದಾಗ ಆಕೆ ಕಣ್ಣು ತೆರೆದಳು.

"ನನ್ನ ಕಡೆ ಮುಖ ಮಾಡಿ ಹೇಳಿ ಮೇಡಂ. ನಂಗೆ ಕಿವಿ ಕೇಳ್ಸಲ್ಲ, ತುಟಿ ನೋಡಿ ತಿಳ್ಕೊಂತೀನಿ."

ನನಗೆ ನಾಚಿಕೆಯಾಯಿತು. ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ.

"ಡಿಸ್ಕ್ ಇನ್ನೂ ತಿರುಗ್ತಾ ಇದೆ. ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡೋಕೆ ಹೋದ್ರೆ ಇರೋ ಜೀವನೂ ಹೋಗುತ್ತೆ. ಹೊರಗಿನ ಡ್ರೈವ್‌ನಿಂದ ಶುರು ಮಾಡೋಣ."

ಹಳೆಯ ಡಿಸ್ಕನ್ನು ಬಿಚ್ಚಿ, ಆ ಜಾಗದಲ್ಲಿ ಹೊಸದನ್ನು ಕೂರಿಸಿದಳು. ಹಳೆಯದನ್ನು ಕೇಬಲಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟಳು. ತನ್ನದೊಂದು ಪುಟ್ಟ ಡ್ರೈವನ್ನು ಪಕ್ಕಕ್ಕೆ ಜೋಡಿಸಿ ಗುಂಡಿ ಒತ್ತಿದಾಗ, ನಾಲ್ಕು ದಿನ ಕಪ್ಪಾಗಿದ್ದ ಪರದೆ ಬೆಳಗಿತು.

"ಯಾವುದು ಮೊದಲು ಬೇಕು?"

"ಗಣಿತ. ಮೊದಲ ಪರೀಕ್ಷೆ ಅದೇ."

ಒಂದೊಂದೇ ಪಾಠ ಹೊಸ ಡಿಸ್ಕಿಗೆ ಬಂತು. ಆಕೆಯ ಅಂಗೈ ಹಳೆಯದರ ಮೇಲೆ ಇದ್ದೇ ಇತ್ತು. ಅದರ ನಡುಕ ಬದಲಾದದ್ದು ನನ್ನ ಕಿವಿಗಿಂತ ಮೊದಲು ಆ ಕೈಗೆ ತಿಳಿಯುತ್ತಿತ್ತು. ಕೂಡಲೇ ನಿಲ್ಲಿಸಿ, ಬಿಸಿ ಆರುವವರೆಗೆ ಕಾದು, ಮತ್ತೆ ಶುರು. ಊಟಕ್ಕೂ ಏಳಲಿಲ್ಲ. ಸಂಜೆ ನೂರ ಮೂವತ್ತೇಳನೆಯ ಪಾಠ ಮುಗಿಯುತ್ತಲೇ ಕೈ ತೆಗೆದಳು.

"ಹೋಯ್ತು ಮೇಡಂ. ಮೂರು ಪಾಠ ಒಳಗೇ ಉಳ್ಕೊಂಡ್ವು." ತಪ್ಪೆಲ್ಲ ತನ್ನದೇ ಎನ್ನುವಂತಿತ್ತು ಆ ದನಿ.

ಪುಸ್ತಕ ನನ್ನ ಚೀಲದಲ್ಲಿತ್ತು. ಆ ಮೂರನ್ನು ಇಲ್ಲೇ ಓದಿ ಧ್ವನಿಮುದ್ರಿಸಿಬಿಡುತ್ತೇನೆ ಎಂದೆ. ದಿಲ್‌ಶಾದ್ ಎದ್ದು ಬಾಗಿಲು ಎಳೆದಳು; ಫ್ಯಾನ್ ಆರಿಸಿದಳು. ನನಗೆ ಹೊಳೆಯದಿದ್ದ ಸದ್ದು ಆಕೆಗೆ ನೆನಪಿತ್ತು. ಎದುರಿಗೆ ಬಂದು ಕುಳಿತಳು.

ನದಿಗಳ ಪಾಠ. ಎರಡನೆಯ ಪುಟದಲ್ಲಿ ಆಕೆ ಕೈ ಎತ್ತಿದಳು.

"ಈ ಸಾಲು ಅರ್ಧ ನುಂಗಿಬಿಟ್ರಿ. ಮಕ್ಕಳಿಗೆ ತಿಳಿಯಲ್ಲ."

ನಾನು ಆ ಸಾಲನ್ನು ನಿಧಾನವಾಗಿ, ಬಾಯಿ ತುಂಬ ಮತ್ತೆ ಓದಿದೆ. ಆಕೆ ತಲೆಯಾಡಿಸಿದಳು. ನಾನು ಪುಟ ತಿರುವಿದೆ.