ದಮ ಐತೇನು?

"ಎದಿಗೆ ಕೊಳವಿ ಹಚ್ಚಿ ನೋಡೀರೇನ್ರಿ? ಅಷ್ಟ ಹೇಳ್ರಿ ಮೊದಲ!"

ರೆಹಮತ್‌ಬಿಯ ದನಿಗೆ ಹುಬ್ಬಳ್ಳಿಯ ಹತ್ತಿ ಗಿರಣಿಯ ಪಡಸಾಲೆಯಲ್ಲಿ ಕೆಲಸಕ್ಕೆಂದು ಸಾಲುಗಟ್ಟಿದ್ದ ಆಳುಗಳೆಲ್ಲ ತಿರುಗಿ ನೋಡಿದರು. ಅವಳೆದುರು ಕುರ್ಚಿಯಲ್ಲಿ ಡಾಕ್ಟರ ಕೂತಿದ್ದ; ಹಿಂದೆ ಮಗ ಲಾಲಸಾಬ ತಲೆ ತಗ್ಗಿಸಿ ನಿಂತಿದ್ದ. ನಾಲ್ವರು ಉರುಳಿಸುವ ಹತ್ತಿಯ ಅಂಡಿಗೆ ಮೂಟೆಯನ್ನು ಇನ್ನೊಬ್ಬನ ಜೊತೆ ಸೇರಿ ಇಬ್ಬರೇ ಉರುಳಿಸುವ ಗಟ್ಟಿ ಆಳು. ಅವನಿಗೆ ಎದೆರೋಗವೆಂದು ನಿನ್ನೆ ಕೆಲಸದಿಂದ ತೆಗೆದಿದ್ದರು.

ತೆಗೆದ ಬಗೆ ಕೇಳಿದರೆ ಎಂಥವರಿಗೂ ಮೈ ಉರಿಯಬೇಕು. ಆಳುಗಳ ಎದೆ ಪರೀಕ್ಷೆಗೆಂದು ಮಾಲಕರು ಪುಣೆಯಿಂದ ಈ ಡಾಕ್ಟರನನ್ನು ಕರೆಸಿದ್ದರು. ಆ ಮಹಾರಾಯ ಕೊಳವೆಯನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು, ಕುರ್ಚಿ ಬಿಟ್ಟು ಏಳದೆ, ಬಂದವರನ್ನೆಲ್ಲ "ದಮ ಐತೇನು?" ಎಂದು ಕೇಳಿದ. ಅವನ ಮರಾಠಿಯಲ್ಲಿ ದಮಾ ಎಂದರೆ ಉಬ್ಬಸ. ಲಾಲಸಾಬನ ಮನೆಮಾತಿನಲ್ಲಿ ದಮ್ ಎಂದರೆ ಕಸುವು. "ಬೇಕಾದಷ್ಟು ಐತ್ರಿ ಸಾಹೇಬ್ರ!" ಎಂದು ಇವನು ಎದೆ ತಟ್ಟಿಕೊಂಡ. ಮನೆಗೆ ನಡಿ ಎಂದರು. ಅವನ ಹಿಂದೆ ನಿಂತಿದ್ದ ಉಡಚಪ್ಪ ಏದುಸಿರು ಬಿಡುತ್ತಲೇ, "ಈಗೆಲ್ಲೈತ್ರಿ ದಮ, ಇಲ್ಲ" ಎಂದ. ಅವನು ಪಾಸಾದ!

ಬಡವನ ಸಿಟ್ಟು ದವಡೆಗೆ ಮೂಲವೆಂದು ಲಾಲಸಾಬ ತಾಯಿಯನ್ನು ತಡೆದು ನೋಡಿದ್ದ. ಅವಳು ಕೇಳಬೇಕಲ್ಲ.

"ಬರೇ ಬಾಯಿಮಾತ ಕೇಳಿ ಹೊರಗ ಹಾಕೂದಾದ್ರ ಆ ಕೊಳವಿ ಯಾಕ್ರಿ, ಶೋಕಿಗೇನು? ಹಚ್ಚಿ ನೋಡ್ರಿ. ಎಲ್ಲಾರಿಗೂ ಹಚ್ಚಿ ನೋಡ್ರಿ!"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರನ ಮುಖ ಕೆಂಪಾಯಿತು. ಕೊಳವೆ ಕಿವಿಗಿಟ್ಟುಕೊಂಡು ಲಾಲಸಾಬನ ಎದೆಗೆ ಹಚ್ಚಿದ, ಬೆನ್ನಿಗೆ ಹಚ್ಚಿದ, ಜೋರಾಗಿ ಉಸಿರೆಳೆಸಿದ, ನಾಡಿ ಹಿಡಿದ. "ಏನೂ ಇಲ್ಲ. ಕೆಲಸಕ್ಕ ಹೋಗು" ಎಂದ.

ರೆಹಮತ್‌ಬಿ ಗೆದ್ದ ಸಂತೋಷದಲ್ಲಿ ಮಗನ ಬೆನ್ನು ಸವರುತ್ತಿರುವಾಗಲೇ ಡಾಕ್ಟರ ಸಾಲಿನಲ್ಲಿ ಮುಂದಿನವನನ್ನು ಕರೆದ. ಮುಂದಿನವನು ನಿನ್ನೆ ಪಾಸಾಗಿದ್ದ ಉಡಚಪ್ಪ. ಅಂಗಿ ಬಿಚ್ಚಲು ಅವನು ತಡ ಮಾಡಿದ. ಕೊಳವೆ ಅವನ ಬೆನ್ನಿನ ಮೇಲೆ ಬಹಳ ಹೊತ್ತು ನಿಂತಿತು.

"ಎದಿ ತುಂಬ ಸುಂಯ್ ಅಂತದ. ನಾಡಿನೂ ತಪ್ಪತದ. ಇವನ್ನ ತಗೀರಿ," ಎಂದ ಡಾಕ್ಟರ, ಪಕ್ಕದ ಗುಮಾಸ್ತನಿಗೆ.

"ಅಯ್ಯ, ತಗೀರಿ ಅಂದ್ರ? ಅವಗ ದವಾ ಕೊಡ್ರಿ!" ರೆಹಮತ್‌ಬಿಯ ಸಿಟ್ಟು ನೆತ್ತಿಗೇರಿತು. "ಆ ರೋಗಾ ಅಂವಾ ಅವರಪ್ಪನ ಮನಿಯಿಂದ ತಂದಿಲ್ಲ, ನಿಮ್ಮ ಗಿರಣಿ ಧೂಳದಾಗ ಹತ್ತೇತಿ!"

"ದವಾ ಕೊಡಲಿಕ್ಕೆ ನನ್ನ ಕರಸಿಲ್ಲ," ಎಂದ ಡಾಕ್ಟರ. "ಎಲ್ಲಾರಿಗೂ ಹಚ್ಚು ಅಂದಾಕಿ ನೀನ. ಹಚ್ಚೇನಿ."

ರೆಹಮತ್‌ಬಿ ಉಡಚಪ್ಪನ ಕಡೆ ತಿರುಗಿದಳು. ಉಡಚಪ್ಪ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

"ಇರ್ಲಿ ಬಿಡ ಯಕ್ಕಾ, ನಿನ್ನ ಮಗಗ ಕೆಲಸಾ ಸಿಕ್ತಲ್ಲ," ಎನ್ನುತ್ತ ಅಂಗಿ ತೊಟ್ಟುಕೊಂಡ. ಏದುಸಿರಿನ ನಡುವೆ ಗುಂಡಿ ಸೇರಲೊಲ್ಲದು. ಲಾಲಸಾಬ ಅವನ ಮುಂದೆ ಬಗ್ಗಿ ನಿಂತು ಗುಂಡಿ ಹಾಕತೊಡಗಿದ.

ಗಿರಣಿಯ ಭೋಂಗಾ ಕೂಗಿತು. ಸಾಲು ಮುರಿದು ಆಳುಗಳೆಲ್ಲ ಒಳಗೆ ಹೋದರು. ಲಾಲಸಾಬ ಇನ್ನೂ ಎರಡನೆಯ ಗುಂಡಿಯಲ್ಲೇ ಇದ್ದ.