ಹಸಿರು ಹೋದ ಮೇಲೆ

ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಕೆಲಸದ ಸಕ್ಕುಬಾಯಿಯ ಎರಡು ಬೆರಳು ಹೋಗಿ ತಿಂಗಳಾಗಿತ್ತು. ಭೋಸರಿಯ ಕೈಗಾರಿಕಾ ಬಡಾವಣೆಯ ಆ ಸಣ್ಣ ಕಾರ್ಖಾನೆಗೆ ಈಗ ಮಾಲೀಕರು ಹೊಸ ಕಟ್ಟಳೆ ತಂದಿದ್ದರು. ಪ್ರೆಸ್ ನಡೆಸುವವರೆಲ್ಲ ಕಂಪ್ಯೂಟರ್ ಮುಂದೆ ಕೂತು ತಮ್ಮ ಚುರುಕು ತೋರಿಸಬೇಕು. ತೋರಿಸದವರಿಗೆ ಕೆಲಸವಿಲ್ಲ.

ಭಾಗ್ಯಾಳಿಗೆ ಬೆಳಗಿನಿಂದ ಬಾಯಿ ಒಣಗಿತ್ತು. ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆಳಂದದ ಕಡೆಯಿಂದ ಗಡಿ ದಾಟಿ ದುಡಿಯಲು ಬಂದವಳು. ಊರಿನಲ್ಲಿ ಈಗ ಅವಳದೆನ್ನುವ ಮನೆಯಿರಲಿಲ್ಲ. ಈ ಕೆಲಸ ಹೋದರೆ ಹೋಗುವುದೆಲ್ಲಿಗೆ?

ಪರೀಕ್ಷೆ ಮಾಡುವವಳು ದೀಕ್ಷಿತಾ. ನಗರದ ಇನ್ನೊಂದು ತುದಿಯ ಕೋಥರೂಡದಲ್ಲಿ ಹೋಟೆಲು ನಡೆಸುವ ಕರಾವಳಿಯವರ ಮಗಳು, ಮನಶ್ಶಾಸ್ತ್ರ ಓದುತ್ತಿದ್ದಳು.

"ಹೆದರ್ಬೇಡಿ ಮಾರಾಯ್ತಿ. ಹಸಿರು ವೃತ್ತ ಒಂದು ಸೆಕೆಂಡು ಇರ್ತದೆ, ಆಮೇಲೆ ಖಾಲಿ ಬೂದು ಪರದೆ, ಪುನಃ ಹಸಿರು. ಹಸಿರು ಬಂದ್ರೆ ಬಟನ್ ಒತ್ತಿ."

ಭಾಗ್ಯಾ ಒತ್ತಿದಳು. ಇಪ್ಪತ್ತು ಸಲವೂ ಒತ್ತಿದೆನೆಂದು ಅವಳಿಗೆ ಖಾತ್ರಿಯಿತ್ತು. ಕೊನೆಗೆ ಪರದೆಯ ಮೇಲೆ ಮೂಡಿದ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಹಸಿರಿನ ಸಾಲುಗಳೆಲ್ಲ ಖಾಲಿ.

"ಇಪ್ಪತ್ತರಾಗ ಒಂದೂ ಇಲ್ಲ!" ಸೂಪರ್‌ವೈಸರ್ ಸಿದ್ರಾಮಪ್ಪ ಬಗ್ಗಿ ನೋಡಿದ. "ಅವು ಕಣ್ಣೋ, ಗೋಲಿಯೋ? ನಾಳಿಂದ ಬರಬ್ಯಾಡ."

ಭಾಗ್ಯಾ ಎದ್ದು ಗೋಡೆಗೆ ಒರಗಿ ನಿಂತಳು.

ಮುಂದಿನ ಸರದಿ ಭೀಮಣ್ಣನದು. ಹದಿನೈದು ವರ್ಷ ಪ್ರೆಸ್ ನಡೆಸಿದ ಕೈ. ಅವನಿಗೂ ಖಾಲಿ ಸಾಲುಗಳೇ ಬಂದವು.

"ನನಗೂ ಸೊನ್ನಿ ಏನ್ರಿ ಮೇಡಂ? ಸಾಲ್ಯಾಗೂ ಇದೇ ಬರ್ತಿತ್ತು!" ಎಂದು ನಕ್ಕನಾದರೂ ಅವನ ಮುಖ ಬಿಳಿಚಿತ್ತು.

ಭಾಗ್ಯಾ ಅವನ ಮುಖ ನೋಡಿರಲಿಲ್ಲ, ಬೆರಳು ನೋಡಿದ್ದಳು. ಹಸಿರು ಇರುವಷ್ಟು ಹೊತ್ತು ಅದು ಬಟನ್ನಿನ ಮೇಲೆ ಗಾಳಿಯಲ್ಲಿ ಕಾಯುತ್ತಿತ್ತು. ಹಸಿರು ಹೋಯಿತೋ, ಟಕ್ಕನೆ ಒತ್ತುತ್ತಿತ್ತು. ಪ್ರೆಸ್ಸಿನಲ್ಲೂ ಹಾಗೆಯೇ. ತಗಡಿನ ಮೇಲೆ ಬೀಳುವ ಉಕ್ಕಿನ ಅಚ್ಚು, ಡಾಯಿ, ಕೆಳಗಿರುವಾಗ ಕೈ ಒಯ್ಯುವಂತಿಲ್ಲ. ಅದು ಮೇಲೆ ಹೋದ ಮೇಲೆಯೇ ತಗಡು ತೆಗೆಯಬೇಕು. ತಾನೂ ಹಾಗೆಯೇ ಒತ್ತಿದ್ದೆನೆಂದು ಅವಳಿಗೆ ಈಗ ಹೊಳೆಯಿತು.

ಹೇಳಬೇಕು. ಆದರೆ ಸಿದ್ರಾಮಪ್ಪನೆದುರು ಅವಳು ಇಂದಿನವರೆಗೆ 'ಹೌದ್ರಿ' ಬಿಟ್ಟು ಬೇರೆ ಮಾತಾಡಿರಲಿಲ್ಲ. ಗೋಡೆ ಬಿಟ್ಟು ದೀಕ್ಷಿತಾಳ ಕಡೆ ಒಂದು ಹೆಜ್ಜೆ ಮುಂದೆ ಬಂದಳು.

"ಅಕ್ಕಾರ... ನಾವು ಒತ್ತೀವ್ರಿ. ಹಸರು ಹೋದ ಮ್ಯಾಲೆ."

"ಏ, ಸುಮ್ಮನಿರು!" ಎಂದ ಸಿದ್ರಾಮಪ್ಪ.

ದೀಕ್ಷಿತಾ ಮಾತ್ರ ಭಾಗ್ಯಾಳ ಫಲಿತಾಂಶದಲ್ಲಿ ಬೂದು ಪರದೆಗಳ ಸಾಲು ತೆರೆದಳು. ಇಪ್ಪತ್ತು ಉತ್ತರಗಳೂ ಅಲ್ಲಿದ್ದವು. ತಡವಾಗಿ ಬಂದ ಒತ್ತುವಿಕೆಯನ್ನು ಕಂಪ್ಯೂಟರ್ ಮುಂದಿನ ಪರದೆಯ ಹೆಸರಿಗೆ ಬರೆದುಕೊಂಡಿತ್ತು.

"ಛೆ, ನಾನೇ ನೋಡ್ಲಿಲ್ಲ! ಪುನಃ ಕೂತ್ಕೊಳ್ಳಿ. ಈ ಸಲ ಹಸಿರು ಇರುವಾಗ್ಲೇ ಒತ್ತಿ, ಆಯ್ತಾ?"

ಮೊದಲ ಮೂರು ಸಲ ಬೆರಳು ಮಾತು ಕೇಳಲೇ ಇಲ್ಲ. ನಾಲ್ಕನೆಯ ಸಲ ಹಸಿರು ಇರುವಾಗಲೇ ಇಳಿಯಿತು. ಭಾಗ್ಯಾ ಕೆಂಡ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು.

"ಇದು ಬ್ಯಾಡ್ರಿ ಅಕ್ಕಾರ. ಕೈಗಿ ಇದು ರೂಢಿ ಆತಂದ್ರ ನಾಳಿ ಡಾಯಿ ಕೆಳಗ ಇದ್ದಾಗೇ ಹೋಗ್ತದ. ನಾ ಒತ್ತಾಂಗಿಲ್ರಿ."

"ಮತ್ತ ಮನಿಗಿ ಹೋಗ್ತಿ," ಎಂದ ಸಿದ್ರಾಮಪ್ಪ.

"ಹೋಗ್ತೀನ್ರಿ."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ದಿಗಿಲಾಯಿತು. ದೀಕ್ಷಿತಾ ಮೊದಲ ಪರೀಕ್ಷೆಯ ಬೂದು ಸಾಲಿನ ಅಂಕಿಗಳನ್ನು ಒಂದೊಂದಾಗಿ ನೋಡಿದಳು. ಹಸಿರು ಮಾಯವಾದ ಕಾಲು ಸೆಕೆಂಡಿನೊಳಗೆ ಬೆರಳು ಇಳಿದಿತ್ತು, ಇಪ್ಪತ್ತು ಸಲವೂ. ಭೀಮಣ್ಣನದೂ ಹಾಗೆಯೇ.

"ಸರ್, ಇವ್ರಿಬ್ರೂ ನಿಧಾನ ಅಲ್ಲ. ಇವ್ರು ನೋಡೋದು ಹಸಿರು ಹೋಗುವುದನ್ನ, ಬರುವುದನ್ನಲ್ಲ. ತಪ್ಪು ನನ್ನ ಪರೀಕ್ಷೆಯದ್ದು. ಹಾಗೇ ಬರೆದು ಸಹಿ ಹಾಕಿ ಕೊಡ್ತೇನೆ."

ಸಿದ್ರಾಮಪ್ಪ ಆ ಕಾಗದವನ್ನು ಎರಡು ಸಲ ಓದಿದ. "ಇಬ್ರೂ ಹೋಗ್ರಿ, ಮಶೀನ್ ಹಿಡೀರಿ," ಎಂದ.

ಭಾಗ್ಯಾ ಪ್ರೆಸ್ಸಿನ ಮುಂದೆ ಹೋಗಿ ಕೂತಳು. ಕೈಗಳು ನಡುಗುತ್ತಿದ್ದವು. ಅವನ್ನು ಮಡಿಲಲ್ಲಿಟ್ಟುಕೊಂಡು, ನಡುಕ ನಿಲ್ಲುವ ತನಕ ಮಶೀನು ಚಾಲೂ ಮಾಡಲಿಲ್ಲ. ಸಿದ್ರಾಮಪ್ಪ ದೂರದಿಂದ ನೋಡಿದ, ಗಡಿಯಾರ ನೋಡಿಕೊಂಡ. ಕೂಗಲಿಲ್ಲ.