ಅಣ್ಣನ ದನಿಯ ಗಂಟು

ಕಂಪ್ಯೂಟರಿನಲ್ಲಿ ಎಂಟರ್ ಒತ್ತಿದ ಮೇಲೆ ತಂಗಿಗೆ ಅನುಮಾನ ಬಂದದ್ದು ಕೆಲಸ ಬೇಗ ಮುಗಿದದ್ದಕ್ಕೆ. ನೂರಾರು ಕಡತಗಳನ್ನು ಒಂದರೊಳಗೆ ಅದುಮಿ ಕಟ್ಟಿದ ಎಂಟುನೂರು ಎಂಬಿಯ ಗಂಟು ಬಿಚ್ಚಿಕೊಳ್ಳಲು ಸ್ವಲ್ಪ ಹೊತ್ತಾದರೂ ಹಿಡಿಯಬೇಕು. ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ಕಪ್ಪು ಪರದೆಯ ಮೇಲೆ ತಾನು ಹೊಡೆದ ಸಾಲನ್ನು ಮತ್ತೊಮ್ಮೆ ಓದಿದಳು. ಎಕ್ಸ್ ಇರಬೇಕಾದ ಕಡೆ ಸಿ ಇತ್ತು.

ಟಾರ್ ಎನ್ನುವ ಆ ಆಜ್ಞೆಗೆ ಎಕ್ಸ್ ಅಂದರೆ ಗಂಟು ಬಿಚ್ಚು, ಸಿ ಅಂದರೆ ಹೊಸ ಗಂಟು ಕಟ್ಟು. ಹಾಳಾದ್ದು, ಕೀಲಿಮಣೆಯಲ್ಲಿ ಎರಡೂ ಅಕ್ಕಪಕ್ಕದ ಮನೆಯವು. ಫೋಲ್ಡರಿನ ಹೆಸರು ಹೇಳದೆ ಇಡೀ ಗಂಟು ಬಿಚ್ಚಲು ಹೊರಟಿದ್ದರೆ, ಸಿ ಬಿದ್ದರೂ, ಕಟ್ಟಲು ಏನೂ ಕೊಟ್ಟಿಲ್ಲವಲ್ಲ ಎಂದು ಟಾರೇ ತಕರಾರು ತೆಗೆಯುತ್ತಿತ್ತು. ಆದರೆ ಅವಳಿಗೆ ಬೇಕಿದ್ದದ್ದು ಒಂದೇ ಫೋಲ್ಡರ್, ಅದರ ಹೆಸರನ್ನೂ ಸಾಲಿನಲ್ಲಿ ಹೊಡೆದಿದ್ದಳು. ಅಚ್ಚುಕಟ್ಟಿನ ಹೆಣ್ಣು ನೋಡಿ, ಬಿಚ್ಚಿದ್ದನ್ನು ಇಡಲಿಕ್ಕೆಂದು ಅದೇ ಹೆಸರಿನ ಖಾಲಿ ಫೋಲ್ಡರನ್ನು ಮೊದಲೇ ಮಾಡಿಟ್ಟಿದ್ದಳು. ಟಾರ್ ಚಕಾರವೆತ್ತದೆ ಆ ಖಾಲಿ ಫೋಲ್ಡರನ್ನೇ ಕಟ್ಟಿ ಹಳೆಯ ಗಂಟಿನ ಜಾಗದಲ್ಲಿ ಕೂರಿಸಿತ್ತು. ಈಗ ಅದರ ತೂಕ ನೂರಿಪ್ಪತ್ತು ಬೈಟು.

ಹಳೆಯ ಗಂಟಿನಲ್ಲಿ ಇದ್ದದ್ದು ಅಣ್ಣನ ದನಿ. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಇಪ್ಪತ್ತೆರಡು ವರ್ಷ ಕೂಗಿದವನು ಅವನು. ಗಂಟಲಲ್ಲಿ ಹುಣ್ಣಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲು ಹದಿನೈದು ದಿನ ಕೂರಿಸಿಕೊಂಡು ಅವನಿಂದ ಸಾವಿರದ ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಅವುಗಳಿಂದ ಕಂಪನಿಯೊಂದು ಅವನದೇ ದನಿಯಲ್ಲಿ ಮಾತಾಡುವ ಯಂತ್ರ ಮಾಡಿಕೊಡುವುದಿತ್ತು. ಮಾದರಿಗೆ ಮೊದಲ ಫೋಲ್ಡರ್ ಕಳಿಸಿ ಎಂದು ಇವತ್ತು ಬೆಳಿಗ್ಗೆಯಷ್ಟೇ ಕೇಳಿದ್ದರು.

ಇನ್ನೊಂದು ಪ್ರತಿ ಇರಲಿಲ್ಲ. ಜಾಗ ಸಾಲದೆಂದು ಗಂಟು ಕಟ್ಟಿದ ದಿನವೇ ಮೂಲವನ್ನೆಲ್ಲ ಅಳಿಸಿದ್ದಳು. ಆಫೀಸಿನಲ್ಲಿ ಅವಳ ಕೆಲಸವೇ ಎಲ್ಲರ ಕಡತಗಳ ಪ್ರತಿ ತೆಗೆದಿಡುವುದು. ಎರಡೆರಡು ಪ್ರತಿ ಇಡ್ರಪ್ಪಾ ಎಂದು ದಿನಾ ಕಂಡಕಂಡವರ ತಲೆ ತಿನ್ನುವವಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ಗಂಟಿನಲ್ಲಿ ಏನಿದೆ ತೋರಿಸು ಎಂದು ಐದು ಸಲ ಕೇಳಿದಳು. ಐದು ಸಲವೂ ಬಂದದ್ದು ಆ ಖಾಲಿ ಫೋಲ್ಡರಿನ ಹೆಸರೊಂದೇ. ಡಿಸ್ಕ್ ರಿಪೇರಿಯವನಿಗೆ ಫೋನು ಮಾಡಿ, ಎಷ್ಟಾದರೂ ಆಗಲಿ, ಅರ್ಧವಾದರೂ ತೆಗೆದುಕೊಡು ಎಂದು ಅಂಗಲಾಚಿದಳು. ಯಾವ ನಮೂನೆಯ ಡಿಸ್ಕು ಎಂದು ಅವನು ಕೇಳಿ ತಿಳಿದುಕೊಂಡ.

"ಅಕ್ಕಾ, ಇದು ಹೊಸ ತರದ್ದು. ಖಾಲಿಯಾದ ಜಾಗನ ತಾನೇ ಗುಡಿಸಿ ಒರೆಸಿಬಿಡುತ್ತೆ. ತಂದುಕೊಡಿ, ನೋಡ್ತೀನಿ. ಆದ್ರೆ ಆಸೆ ಇಟ್ಕೋಬೇಡಿ."

ಒಳಗಿನ ಕೋಣೆಯಿಂದ ಚಪ್ಪಾಳೆ ಕೇಳಿಸಿತು. ಅಣ್ಣ ಈಗ ಕರೆಯುವುದು ಹಾಗೆಯೇ. ಎದ್ದು ಹೋದಳು. ದಿಂಬಿಗೊರಗಿ ಕೂತಿದ್ದವನು ಸ್ಲೇಟನ್ನು ಅವಳ ಕಡೆ ತಿರುಗಿಸಿದ. 'ಹೊಸ ದನಿ ಬಂದ ತಕ್ಷಣ ಮೊದಲ ಬೈಗುಳ ನಿನಗೇ. ಸಾವಿರದ ನೂರು ವಾಕ್ಯ ಓದಿಸಿ ಪ್ರಾಣ ತಿಂದಿದ್ದಕ್ಕೆ' ಎಂದು ಬರೆದಿತ್ತು. ತನ್ನ ತಮಾಷೆಗೆ ತಾನೇ ನಗುತ್ತಿದ್ದ.

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು. ನಡೆದದ್ದನ್ನೆಲ್ಲ ಹೇಳಿದಳು. ಒಂದಕ್ಷರ ತಪ್ಪಿದ್ದನ್ನು, ಪ್ರತಿ ಇಡದೇ ಹೋದದ್ದನ್ನು, ರಿಪೇರಿಯವನ ಮಾತನ್ನು, ಯಾವುದನ್ನೂ ಮುಚ್ಚಿಡಲಿಲ್ಲ. ಅಣ್ಣನ ನಗು ಎಲ್ಲಿ ನಿಂತಿತೆಂದು ನೋಡುವ ಧೈರ್ಯವಾಗಲಿಲ್ಲ. ಅವನು ಸ್ಲೇಟನ್ನು ಹಾಸಿಗೆಯ ಮೇಲಿಟ್ಟದ್ದು ಮಾತ್ರ ಕಾಣಿಸಿತು.

"ಬೈಯಣ್ಣ" ಎಂದಳು. "ಬಾಯಿಗೆ ಬಂದಂಗೆ ಬೈದ್ಬಿಡು. ಹೀಗೆ ಸುಮ್ನಿರಬೇಡ."

ತಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಅಣ್ಣ ಬಾಯಿ ತೆರೆದಿದ್ದ. ತುಟಿಗಳು ಬಹಳ ಹೊತ್ತು ಆಡಿದವು. ಉಸಿರಾಡಲೆಂದು ಆಪರೇಷನ್ನಿನಲ್ಲಿ ಮಾಡಿದ್ದ ಕೊರಳ ತೂತಿನ ಮೇಲೆ ಕಟ್ಟಿದ್ದ ತೆಳು ಬಟ್ಟೆ ಉಸಿರಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು.